ಕೆಸರು ಎರಡು ಕಿಲೋಮೀಟರು, ಡಾಂಬರು ಎಪ್ಪತ್ತೆಂಟು

ಪಿಕಪ್ ಗಾಡಿಗೆ ‘ಆಲ್ ಟೆರೇನ್’ ಟೈರು ಹಾಕಿಸಬೇಕೆನ್ನುವವರು ಮೊದಲು ನೋಡಬೇಕಾದ್ದು ಟೈರನ್ನಲ್ಲ, ದಾರಿಯನ್ನು

ಆರಿದ್ರಾ ಮಳೆ ಹಿಡಿದು ಮೂರನೇ ದಿನ. ಮೂಡಿಗೆರೆ ಸೀಮೆಯಲ್ಲಿರುವ ನಮ್ಮ ಭಾವನ ತೋಟದ ಗೇಟು ದಾಟಿ ಮನೆಗೆ ಹತ್ತುವ ಏರಿನಲ್ಲಿ ಅವರ ಪಿಕಪ್ಪು ಅರ್ಧಕ್ಕೇ ನಿಂತಿತು. ಹಿಂದೆ ಖಾಲಿ ಟ್ರೇ, ಮುಂದೆ ನಾವಿಬ್ಬರು. ಆಕ್ಸಿಲರೇಟರ್ ಒತ್ತಿದಷ್ಟೂ ಹಿಂದಿನ ಚಕ್ರಗಳು ಗಿರ್ರನೆ ತಿರುಗಿ ಪಕ್ಕದ ಕಾಫಿ ಗಿಡಗಳಿಗೆ ಕೆಂಪು ಕೆಸರಿನ ಅಭಿಷೇಕ ಮಾಡುತ್ತಿದ್ದವು. ಫೋರ್‌ವೀಲ್ ಹಾಕಿದರು. ಈಗ ನಾಲ್ಕೂ ಚಕ್ರ ತಿರುಗಿದವು, ಗಾಡಿ ಮಾತ್ರ ಮೆಲ್ಲಗೆ ಚರಂಡಿಯ ಕಡೆಗೆ ವಾಲಿತು. ಇಳಿದು ನೋಡಿದರೆ ಟೈರಿನ ಗೀರುಗಳಲ್ಲೆಲ್ಲ ಮಣ್ಣು ತುಂಬಿ, ನಾಲ್ಕೂ ಚಕ್ರಗಳು ಎಣ್ಣೆ ಸವರಿದ ಒನಕೆಯಂತೆ ನುಣ್ಣಗಾಗಿದ್ದವು.

ಅಷ್ಟರಲ್ಲಿ ಹಿಂದಿನಿಂದ ಒಂದು ಹಳೇ ಜೀಪು ಬಂತು. ತೋಟದ ಆಳುಗಳನ್ನು ಬಿಟ್ಟು ಬರುವ ಜೀಪು. ಹಿಂದಿನ ಚಕ್ರಗಳಿಗೆ ಕಬ್ಬಿಣದ ಚೈನು ಸುತ್ತಿತ್ತು. ಡ್ರೈವರಿಗೆ ಅರವತ್ತು ದಾಟಿರಬೇಕು. ಇಳಿದು ಬಂದವರೇ ನಮ್ಮ ಟೈರನ್ನು ಕಾಲಲ್ಲಿ ಒದ್ದು ನೋಡಿದರು.

“ಗಾಳಿ ಎಷ್ಟು ಹಾಕ್ಸಿದ್ದೀರಿ ಸ್ವಾಮಿ?”

“ಮೂವತ್ತೆರಡು,” ಅಂದರು ಭಾವ.

“ಟಾರ್ ರೋಡಿಗೆ ಸರಿ ಅದು. ಇಲ್ಲಿಗೆ ಇಪ್ಪತ್ತು ಸಾಕು. ಬಿಡಿ ಗಾಳಿ.”

ಅವರೇ ಕೀಲಿಕೈಯ ತುದಿಯಿಂದ ವಾಲ್ವಿನ ಪಿನ್ನು ಒತ್ತಿದರು. ಒಂದೊಂದು ಚಕ್ರಕ್ಕೂ ಒಂದೆರಡು ನಿಮಿಷ. ಟೈರಿನ ಹೊಟ್ಟೆ ನೆಲದ ಹತ್ತಿರ ತುಸು ಉಬ್ಬಿತು. ಗೀರಿನಲ್ಲಿದ್ದ ಮಣ್ಣನ್ನು ಕಡ್ಡಿಯಿಂದ ಕೆರೆದು ತೆಗೆದೆವು. ಲೋ ರೇಂಜಿನ ಎರಡನೇ ಗೇರಿನಲ್ಲಿ, ಆಕ್ಸಿಲರೇಟರನ್ನು ಮೆತ್ತಗೆ ಒತ್ತಿದಾಗ ಅದೇ ಗಾಡಿ, ಅದೇ ಟೈರಿನಲ್ಲಿ, ಅದೇ ಏರನ್ನು ಏನೂ ಆಗಿಲ್ಲವೆಂಬಂತೆ ಹತ್ತಿಬಿಟ್ಟಿತು.

ಗಾಡಿ ಮನೆ ಸೇರಿತು. ಭಾವನ ತಲೆಯಲ್ಲಿ ಮಾತ್ರ ಟೈರು ತಿರುಗುತ್ತಲೇ ಇತ್ತು. ರಾತ್ರಿ ಊಟವಾದ ಮೇಲೆ ಮೊಬೈಲಿನಲ್ಲಿ ಒಂದು ಚಿತ್ರ ತೋರಿಸಿದರು. ಹಲಸಿನ ಹಣ್ಣಿನ ಮುಳ್ಳಿನಂತೆ ಎದ್ದು ನಿಂತ ಬಟನ್ನುಗಳ ರಾಕ್ಷಸ ಟೈರು. “ಇದನ್ನೇ ಹಾಕ್ಸೋದು ನೋಡಯ್ಯಾ. ಇನ್ನು ಯಾವ ಕೆಸರು ತಡೀತದೆ ನೋಡ್ತೀನಿ.”

“ಭಾವ, ನೀವು ಚಿಕ್ಕಮಗಳೂರಿಗೆ ಹೋಗಿ ಬಂದರೆ ಎಷ್ಟು ಕಿಲೋಮೀಟರು?” ಅಂದೆ.

“ಎಂಬತ್ತು.”

“ಅದರಲ್ಲಿ ಕೆಸರು?”

ಹೋಗುತ್ತ ಒಂದು, ಬರುತ್ತ ಒಂದು. ಒಟ್ಟು ಎರಡು. ಉಳಿದ ಎಪ್ಪತ್ತೆಂಟು ಕಿಲೋಮೀಟರು ನೆನೆದ ಡಾಂಬರು, ತಿರುವು, ಎದುರಿನಿಂದ ಬರುವ ಬಸ್ಸು. ಟೈರಿನ ಆಯ್ಕೆ ಎಂಬುದು ಈ ಎರಡಕ್ಕೂ ಆ ಎಪ್ಪತ್ತೆಂಟಕ್ಕೂ ನಡುವಿನ ವ್ಯಾಜ್ಯ. ಅಂಗಡಿಗೆ ಹೋಗುವ ಬಹುತೇಕರು ಎರಡರ ಪರ ವಕಾಲತ್ತು ಹಾಕಿಕೊಂಡೇ ಹೋಗಿರುತ್ತಾರೆ.

ಹಿಂಭಾಗ ಹಗುರಾದ ಗಾಡಿ

ಮಲೆನಾಡಿಗೂ ಕೊಡಗಿಗೂ ಜೀಪು ಹಳೆಯ ನೆಂಟ. ಐಷಾರಾಮಿ ಪಿಕಪ್ಪು ಹೊಸ ಅಳಿಯ. ಟಾಟಾ ಜೆನಾನ್, ಸ್ಕಾರ್ಪಿಯೊ ಗೆಟ್‌ಅವೇ ಮೊದಲೇ ಬಂದಿದ್ದರೂ, ಮುಂದೆ ಕಾರಿನಂತೆ ಐದು ಜನ ಕೂತು ಹಿಂದೆ ಗೊಬ್ಬರದ ಚೀಲ ಹೇರುವ ಗಾಡಿಯ ಮೇಲೆ ತೋಟದವರ ಕಣ್ಣು ಗಟ್ಟಿಯಾಗಿ ನೆಟ್ಟದ್ದು 2016ರಲ್ಲಿ ಇಸುಜು ಡಿ-ಮ್ಯಾಕ್ಸ್ ವಿ-ಕ್ರಾಸ್ ಬಂದ ಮೇಲೆ. 2022ರಲ್ಲಿ ಟೊಯೊಟಾ ಹೈಲಕ್ಸ್ ಅದರ ಜೊತೆಗೂಡಿತು. ಜಗತ್ತಿನ ಲೆಕ್ಕದಲ್ಲಿ ಇವು ಮಧ್ಯಮ ಗಾತ್ರದ ಪಿಕಪ್‌ಗಳು. ನಮ್ಮ ತೋಟದ ದಾರಿಯ ಲೆಕ್ಕದಲ್ಲಿ ದೈತ್ಯರು.

ಈ ಗಾಡಿಗಳ ಗುಣ ಕಾರಿನದ್ದಲ್ಲ. ಎಂಜಿನ್, ಗೇರುಪೆಟ್ಟಿಗೆ, ಕ್ಯಾಬಿನ್ ಎಲ್ಲವೂ ಮುಂದೆ. ಹಿಂದೆ ಖಾಲಿ ಟ್ರೇ, ಅದರಡಿ ಭಾರ ಹೊರಲೆಂದೇ ಮಾಡಿದ ಗಡುಸು ಪಟ್ಟಿ ಸ್ಪ್ರಿಂಗು. ಚೀಲ ಹೇರಿದಾಗ ಗಾಡಿ ಸಮಾಧಾನದಿಂದಿರುತ್ತದೆ. ಖಾಲಿಯಿದ್ದಾಗ ಹಿಂದಿನ ಚಕ್ರಗಳ ಮೇಲೆ ಭಾರವೇ ಇರುವುದಿಲ್ಲ. ಟೂವೀಲ್ ಡ್ರೈವ್‌ನಲ್ಲಿ ಓಡುವಾಗ ಎಂಜಿನ್ನಿನ ಬಲವೆಲ್ಲ ಆ ಹಗುರ ಚಕ್ರಗಳಿಗೇ ಹೋಗುತ್ತದೆ. ಮಳೆಯಲ್ಲಿ ಖಾಲಿ ಪಿಕಪ್ಪಿನ ಹಿಂಭಾಗ ತಿರುವಿನಲ್ಲಿ ಆಚೆಗೆ ಸರಿಯುವುದು ಇದೇ ಕಾರಣಕ್ಕೆ. ಹಳಬರು ಮಳೆಗಾಲದಲ್ಲಿ ಟ್ರೇಯಲ್ಲಿ ಎರಡು ಮೂಟೆ ಮರಳು ಕಟ್ಟಿಕೊಂಡು ಓಡಾಡುತ್ತಿದ್ದರೆ ನಗಬೇಡಿ. ಅವರಿಗೆ ತಮ್ಮ ಗಾಡಿ ಗೊತ್ತು.

ಹೀಗಾಗಿ ಪಿಕಪ್ಪಿಗೆ ಟೈರು ಆರಿಸುವುದೆಂದರೆ ಒಂದೇ ಗಾಡಿಯ ಎರಡು ಅವತಾರಕ್ಕೆ ಚಪ್ಪಲಿ ಕೊಳ್ಳುವ ಕೆಲಸ. ತುಂಬಿದಾಗ ಭಾರ ತಾಳಬೇಕು, ಖಾಲಿಯಾದಾಗ ನೆಲ ಹಿಡಿಯಬೇಕು.

ಮೂರು ಜಾತಿ

ಇಂಥ ಗಾಡಿಗಳ ಟೈರಿನಲ್ಲಿ ಮೂರು ಜಾತಿ. ಎಚ್.ಟಿ., ಅಂದರೆ ಹೈವೇ ಟೆರೇನ್: ಉದ್ದುದ್ದ ಗೀರು, ಒತ್ತೊತ್ತಾದ ಬಟನ್ನು, ಸದ್ದಿಲ್ಲದ ಓಟ. ಎಂ.ಟಿ., ಅಂದರೆ ಮಡ್ ಟೆರೇನ್: ದಪ್ಪ ಬಟನ್ನು, ನಡುವೆ ಬೆರಳು ತೂರುವಷ್ಟು ಜಾಗ, ರಸ್ತೆಯ ಮೇಲೆ ಜೇನುಹುಳುವಿನ ಝೇಂಕಾರ. ಇವೆರಡರ ನಡುವೆ ಸಂಧಾನಕ್ಕೆ ಕೂತದ್ದು ಎ.ಟಿ., ಅಂದರೆ ಆಲ್ ಟೆರೇನ್. ಹೊಸ ಎಚ್.ಟಿ. ಟೈರಿನ ಗೀರಿನ ಆಳ ಸುಮಾರು 8 ಮಿಲಿಮೀಟರಾದರೆ, ಎ.ಟಿ.ಯದ್ದು 10ರಿಂದ 12, ಎಂ.ಟಿ.ಯದ್ದು ಅದಕ್ಕೂ ಹೆಚ್ಚು.

‘ಎಲ್ಲ ನೆಲಕ್ಕೂ ಒಂದೇ ಟೈರು’ ಎಂಬ ಮಾತು ಹುಟ್ಟಿದ್ದು ನಮ್ಮ ಕೆಸರಿನಲ್ಲಲ್ಲ. ಅಮೆರಿಕದ ಬಿ.ಎಫ್. ಗುಡ್‌ರಿಚ್ ಕಂಪನಿ 1976ರಲ್ಲಿ ‘ರೇಡಿಯಲ್ ಆಲ್ ಟೆರೇನ್ ಟಿ/ಎ’ ಎಂಬ ಟೈರನ್ನು ಮಾರುಕಟ್ಟೆಗೆ ತಂದು, ಮೆಕ್ಸಿಕೊದ ಬಾಹಾ ಮರುಭೂಮಿಯ ರೇಸುಗಳಲ್ಲಿ ಓಡಿಸಿ ಹೆಸರು ಮಾಡಿತು. ಕಲ್ಲು, ಮರಳು, ಧೂಳು, ಬಿಸಿಲು. ಆ ನೆಲಕ್ಕೆ ಬೇಕಾದದ್ದು ಸುಲಭಕ್ಕೆ ಹರಿಯದ ಗಟ್ಟಿ ರಬ್ಬರು, ದಪ್ಪ ಪಕ್ಕೆ. ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುವ ಆಗುಂಬೆಯ ಘಾಟಿ ಆ ಟೈರು ರೂಪಿಸಿದವರ ಕಣ್ಣ ಮುಂದೆ ಇದ್ದಿರಲಾರದು. ಎ.ಟಿ. ಟೈರು ನೋಡುವಾಗ ಈ ಜಾತಕ ನೆನಪಿರಲಿ. ಅದರ ಹುಟ್ಟುಗುಣ ಒಣ ನೆಲದ್ದು. ಮಳೆಯನ್ನು ಅದು ಆಮೇಲೆ ಕಲಿತದ್ದು, ಅದೂ ಎಲ್ಲ ಕಂಪನಿಯವೂ ಒಂದೇ ಸಮನಾಗಿ ಕಲಿತಿಲ್ಲ.

ಅಂಗೈಯಗಲದ ಆಸರೆ

ಎರಡು ಟನ್ನಿನ ಗಾಡಿ ನೆಲ ಮುಟ್ಟುವುದು ನಾಲ್ಕು ತುಣುಕಿನಲ್ಲಿ. ಸ್ಥೂಲವಾಗಿ ಲೆಕ್ಕ ಹಾಕೋಣ. ಒಂದು ಚಕ್ರದ ಮೇಲೆ 500 ಕಿಲೋ ಭಾರ, ಒಳಗೆ 32 ಪಿ.ಎಸ್.ಐ. ಗಾಳಿ. ಆಗ ನೆಲಕ್ಕೆ ತಾಗುವ ಜಾಗ ಸುಮಾರು 220 ಚದರ ಸೆಂಟಿಮೀಟರು, ಬೆರಳು ಬಿಡಿಸಿದ ಅಂಗೈಗಿಂತ ತುಸು ದೊಡ್ಡದು. ಗಾಳಿಯನ್ನು 20ಕ್ಕೆ ಇಳಿಸಿದರೆ ಅದೇ ಜಾಗ 350ರ ಹತ್ತಿರ ಹೋಗುತ್ತದೆ. ಭಾವನ ಗಾಡಿ ಅಂದು ಏರು ಹತ್ತಿದ್ದರ ಗುಟ್ಟು ಇಷ್ಟೇ. ಟೈರು ಉದ್ದಕ್ಕೆ ಹರಡಿಕೊಂಡಿತು, ಹೆಚ್ಚು ಬಟನ್ನುಗಳಿಗೆ ನೆಲ ಸಿಕ್ಕಿತು.

ಆ ಅಂಗೈಯಗಲದಲ್ಲಿ ರಬ್ಬರೆಷ್ಟು, ಖಾಲಿ ಜಾಗವೆಷ್ಟು ಎಂಬುದೇ ಟೈರಿನ ಜಾತಿಯನ್ನು ನಿರ್ಧರಿಸುತ್ತದೆ. ಕೆಸರಿನಲ್ಲಿ ಬೇಕಾದದ್ದು ಖಾಲಿ ಜಾಗ. ಬಟನ್ನು ಗುದ್ದಲಿಯಂತೆ ಮಣ್ಣಿಗೆ ಕಚ್ಚಬೇಕು. ಕಚ್ಚಿದ ಮಣ್ಣನ್ನು ಚಕ್ರ ತಿರುಗುವ ರಭಸದಲ್ಲಿ ಹೊರಗೆ ಎಸೆದು, ಮುಂದಿನ ಸುತ್ತಿಗೆ ಖಾಲಿ ಬಾಯಿಯೊಂದಿಗೆ ಬರಬೇಕು. ಎಚ್.ಟಿ. ಟೈರಿನ ಗೀರು ಕಿರಿದು. ಅದು ಕಚ್ಚಿದ್ದನ್ನು ಉಗುಳುವುದಿಲ್ಲ. ಒಮ್ಮೆ ಬಾಯಿ ತುಂಬಿತೆಂದರೆ ಮುಂದೆಲ್ಲ ಮಣ್ಣಿನ ಮೇಲೆ ಮಣ್ಣೇ ಜಾರುವುದು.

ನೆನೆದ ಡಾಂಬರಿನ ಲೆಕ್ಕ ಬೇರೆ. ಅಲ್ಲಿ ಕಚ್ಚುವುದಕ್ಕೆ ಏನೂ ಇಲ್ಲ, ಅಂಟಿಕೊಳ್ಳಬೇಕು. ಅಂಟಬೇಕಾದರೆ ನೆಲಕ್ಕೆ ಹೆಚ್ಚು ರಬ್ಬರು ತಾಗಬೇಕು, ಆ ರಬ್ಬರು ಮೆದುವಾಗಿರಬೇಕು, ನಡುವಿನ ನೀರು ಸರಸರನೆ ಆಚೆ ಹೋಗಬೇಕು. ಎಂ.ಟಿ. ಟೈರಿನಲ್ಲಿ ನೀರು ಹೋಗಲು ಜಾಗ ಬೇಕಾದಷ್ಟಿದೆ, ಆದರೆ ತಾಗುವ ರಬ್ಬರು ಕಡಿಮೆ. ಕಲ್ಲಿಗೆ ಹರಿಯಬಾರದೆಂದು ಆ ರಬ್ಬರನ್ನು ಗಡುಸಾಗಿಯೂ ಮಾಡಿರುತ್ತಾರೆ. ಬ್ರೇಕ್ ಒತ್ತಿದಾಗ ಎತ್ತರದ ಬಟನ್ನುಗಳು ಬಾಗುತ್ತವೆ, ಗಾಡಿ ಅಂದಾಜಿಗಿಂತ ಒಂದು ಮಾರು ಮುಂದೆ ಹೋಗಿ ನಿಲ್ಲುತ್ತದೆ. ಘಾಟಿಯ ತಿರುವಿನಲ್ಲಿ ಆ ಒಂದು ಮಾರು ಬಹಳ ದೊಡ್ಡದು. ಚಾರ್ಮಾಡಿ ಇಳಿಯುವಾಗ ನೆಂಟರ ಹುಡುಗನೊಬ್ಬನ ಎಂ.ಟಿ. ಟೈರಿನ ಗಾಡಿಯಲ್ಲಿ ಕೂತಿದ್ದೆ. ಸೋನೆ ಮಳೆ, ವೇಗ ನಲವತ್ತೂ ಇರಲಿಲ್ಲ. ಎದುರಿನ ಲಾರಿಗೆ ದಾರಿ ಬಿಡಲು ಬ್ರೇಕ್ ಒತ್ತಿದಾಗ ಗಾಡಿ ತಡೆಗೋಡೆಯ ಕಡೆಗೆ ತೇಲಿದ ಆ ಅರೆಕ್ಷಣ ಇನ್ನೂ ನನ್ನ ಬಲಗಾಲಿನಲ್ಲಿದೆ. ಬ್ರೇಕಿಲ್ಲದ ಕಡೆ ಕೂತು ಒತ್ತಿದ ಕಾಲು ಅದು.

ಎ.ಟಿ. ಟೈರುಗಳಲ್ಲಿ ಒಳ್ಳೆಯದನ್ನು ಹೇಗೆ ಗುರುತಿಸುವುದು? ಬಟನ್ನುಗಳ ಮೇಲೆ ಬ್ಲೇಡಿನಲ್ಲಿ ಕೊಯ್ದಂಥ ಸಣ್ಣ ಸಣ್ಣ ಸೀಳುಗಳಿವೆಯೇ ನೋಡಿ. ನೆನೆದ ರಸ್ತೆಯಲ್ಲಿ ನೀರಿನ ತೆಳುಪದರವನ್ನು ಮುರಿದು ನೆಲ ಹಿಡಿಯುವುದು ಆ ಸೀಳುಗಳ ಅಂಚೇ. ಅವು ಬಟನ್ನಿನ ಬುಡದವರೆಗೂ ಇಳಿದಿರಬೇಕು; ಮೇಲ್ಮೇಲೆ ಇದ್ದರೆ ಟೈರು ಅರ್ಧ ಸವೆಯುವಷ್ಟರಲ್ಲಿ ಮಾಯ. ಇನ್ನೊಂದು, ರಬ್ಬರಿನಲ್ಲಿ ಸಿಲಿಕಾ ಬೆರೆಸಿರುವುದು. ಸಿಲಿಕಾ ಇರುವ ರಬ್ಬರು ಮಳೆಯಲ್ಲಿ ಚೆನ್ನಾಗಿ ಹಿಡಿಯುತ್ತದೆ. ಅದನ್ನು ಕಣ್ಣಿನಿಂದ ನೋಡಲಾಗದು, ಕಂಪನಿಯ ವಿವರಪತ್ರದಲ್ಲಿ ಹುಡುಕಬೇಕು. ಕೆಲವು ಟೈರಿನ ಪಕ್ಕೆಯಲ್ಲಿ ಮೂರು ಶಿಖರದ ಬೆಟ್ಟದೊಳಗೆ ಹಿಮದ ಹರಳಿನ ಗುರುತು ಇರುತ್ತದೆ. ಅದು ಹಿಮದ ರಸ್ತೆಯ ಪರೀಕ್ಷೆ ಪಾಸಾದ ಮುದ್ರೆ. ಲಡಾಖಿಗೆ ಹೋಗುವವರಿಗೆ ಬೇಕು. ಮಲೆನಾಡಿನಲ್ಲಿ ಅದಕ್ಕಾಗಿ ಹೆಚ್ಚು ದುಡ್ಡು ಕೊಡಬೇಕಿಲ್ಲ.

ಎಲ್ಲ ಕೆಸರೂ ಒಂದೇ ಅಲ್ಲ

ನಮ್ಮ ರಾಜ್ಯದಲ್ಲಿ ಒಂದೇ ದಿನ ಗಾಡಿ ಓಡಿಸಿದರೂ ನಾಲ್ಕು ಥರದ ಮಣ್ಣು ತುಳಿಯಬಹುದು. ಮಲೆನಾಡಿನ ತೋಟದ ದಾರಿಯಲ್ಲಿ ಮೇಲೆ ನಾಲ್ಕು ಬೆರಳಿನಷ್ಟು ಜಾರುಮಣ್ಣು, ಅದರಡಿ ಜಂಬಿಟ್ಟಿಗೆಯ ಗಟ್ಟಿ ನೆಲ. ಇಲ್ಲಿ ಗೆಲ್ಲುವುದು ಮೇಲಿನ ಪದರವನ್ನು ಸೀಳಿ ಅಡಿಯ ನೆಲ ಮುಟ್ಟುವ ಟೈರು. ಹಳೇ ಜೀಪುಗಳ 6.00-16 ಅಳತೆಯ ಬಡಕಲು ಟೈರು ಮಾಡುತ್ತಿದ್ದುದು ಇದನ್ನೇ. ಅಗಲದ ಟೈರು ಜಾರುಮಣ್ಣಿನ ಮೇಲೆ ದೋಣಿಯಂತೆ ತೇಲುತ್ತದೆ. ಅಗಲವಾದಷ್ಟೂ ಹಿಡಿತ ಜಾಸ್ತಿ ಎಂಬ ನಂಬಿಕೆ ಮಲೆನಾಡಿನ ಮಳೆಯಲ್ಲಿ ಅರ್ಧ ಸುಳ್ಳು.

ಕರಾವಳಿಯ ಮರಳಿಗೆ ಹೋದರೆ ಅದೇ ನಂಬಿಕೆ ಪೂರ್ತಿ ನಿಜ. ಮರಳಿನಲ್ಲಿ ಅಗೆದಷ್ಟೂ ಹೂತುಹೋಗುತ್ತೇವೆ, ಹಾಗಾಗಿ ತೇಲಲೇಬೇಕು. ಅಗಲದ ಟೈರು, ಕಡಿಮೆ ಗಾಳಿ, ನಿಲ್ಲಿಸದೆ ಓಡಿಸುವುದು ಅಲ್ಲಿನ ಸೂತ್ರ. ಮರಳಿನಲ್ಲಿ ರಾಕ್ಷಸ ಬಟನ್ನು ಗುಂಡಿ ತೋಡುವ ಯಂತ್ರವಾಗುತ್ತದೆ.

ಉತ್ತರ ಕರ್ನಾಟಕದ ಎರೆಮಣ್ಣು ಇನ್ನೊಂದೇ ಕಥೆ. ಒಣಗಿದಾಗ ಕಲ್ಲು, ನೆನೆದಾಗ ಅಂಟು. ಎರೆ ಹೊಲದ ದಾರಿಯಲ್ಲಿ ಮಳೆಗೆ ಸಿಕ್ಕವರಿಗೆ ಗೊತ್ತು, ಚಪ್ಪಲಿಗೇ ಒಂದೊಂದು ಕಿಲೋ ಮಣ್ಣು ಮೆತ್ತಿಕೊಳ್ಳುತ್ತದೆ. ಅದು ಎಂಥ ಟೈರನ್ನೂ ಎರಡು ಸುತ್ತಿನಲ್ಲಿ ಬೋಳು ಮಾಡಿ, ಮಡ್‌ಗಾರ್ಡಿನೊಳಗೆ ತುಂಬಿ ಚಕ್ರವನ್ನೇ ಕಟ್ಟಿಹಾಕುತ್ತದೆ. ಅಲ್ಲಿ ಎಂ.ಟಿ.ಗೆ ಸ್ವಲ್ಪ ಮಾನ ಉಂಟು, ಎ.ಟಿ. ಆದರೆ ದಾರಿ ಆರುವವರೆಗೆ ಚಹಾ ಕುಡಿದು ಹೊರಡುವುದು ಒಳ್ಳೆಯದು. ಇನ್ನು ಬಯಲುಸೀಮೆಯ ಗರಸು ರಸ್ತೆ, ಕಲ್ಲಿನ ದಾರಿ. ಎ.ಟಿ. ಟೈರಿನ ತವರು ಎಂದರೆ ಇದೇ. ಚೂಪು ಕಲ್ಲಿಗೆ ಹರಿಯದ ರಬ್ಬರು, ಗೀರಿನಲ್ಲಿ ಸಿಕ್ಕ ಕಲ್ಲನ್ನು ಹೊರತಳ್ಳುವ ಸಣ್ಣ ದಿಬ್ಬ, ದಪ್ಪ ಪಕ್ಕೆ, ಎಲ್ಲವೂ ಇಲ್ಲಿ ಕೊಟ್ಟ ಕಾಸಿಗೆ ದುಡಿಯುತ್ತವೆ.

ಪಕ್ಕೆಯ ಮೇಲಿನ ಬರಹ

ಹೈಲಕ್ಸ್‌ನ ದುಬಾರಿ ಮಾದರಿಯ ಟೈರಿನ ಪಕ್ಕೆಯಲ್ಲಿ 265/60 ಆರ್ 18 ಎಂಬ ಬರಹವಿರುತ್ತದೆ. ಟೈರಿನ ಅಗಲ 265 ಮಿಲಿಮೀಟರು. ಪಕ್ಕೆಯ ಎತ್ತರ ಆ ಅಗಲದ ಶೇ 60, ಅಂದರೆ 159 ಮಿಲಿಮೀಟರು. ‘ಆರ್’ ಎಂದರೆ ರೇಡಿಯಲ್. 18 ಎಂಬುದು ಡಿಸ್ಕಿನ ಇಂಚು. ಅದೇ ಗಾಡಿಯ ಕೆಳಗಿನ ಮಾದರಿಯಲ್ಲಿ 265/65 ಆರ್ 17. ಲೆಕ್ಕ ಹಾಕಿದರೆ ಎರಡರ ಒಟ್ಟು ವ್ಯಾಸವೂ ಸುಮಾರು 776 ಮಿಲಿಮೀಟರು. ಹೊರಗಿನಿಂದ ಒಂದೇ ಎತ್ತರವಿದ್ದರೂ 17ರದ್ದರಲ್ಲಿ ಪಕ್ಕೆ 13 ಮಿಲಿಮೀಟರು ಹೆಚ್ಚು. ಗಾಳಿ ಇಳಿಸಿದಾಗ ಹರಡಿಕೊಳ್ಳಲು, ಗುಂಡಿಗೆ ಬಿದ್ದಾಗ ಡಿಸ್ಕು ಉಳಿಸಲು ಆ ಪಕ್ಕೆಯೇ ಬೇಕು. ಶೋರೂಮಿನಲ್ಲಿ 18 ಇಂಚಿನ ಡಿಸ್ಕು ಚಂದ. ತೋಟದ ದಾರಿಯಲ್ಲಿ 17 ಜಾಣ.

ಅಳತೆಯ ಮುಂದೆ ಒಂದು ಸಂಖ್ಯೆ, ಒಂದು ಅಕ್ಷರ ಇರುತ್ತವೆ. 110 ಎಂದಿದ್ದರೆ ಆ ಟೈರು 1,060 ಕಿಲೋ ಹೊರಬಲ್ಲದು. 112 ಎಂದರೆ 1,120 ಕಿಲೋ. ಅಕ್ಷರ ವೇಗದ ಮಿತಿ: ‘ಎಸ್’ ಗಂಟೆಗೆ 180, ‘ಟಿ’ 190, ‘ಎಚ್’ 210 ಕಿಲೋಮೀಟರು. ಕಂಪನಿ ಹೇಳಿದ ಭಾರದ ಸಂಖ್ಯೆಗಿಂತ ಕೆಳಗಿನದನ್ನು ಯಾವ ಕಾರಣಕ್ಕೂ ಹಾಕಿಸಬೇಡಿ. ಪಿಕಪ್ಪಿನ ಮೇಲೆ ಎಂದು ಎಷ್ಟು ಚೀಲ ಬೀಳುತ್ತದೆಂದು ಬಲ್ಲವರಾರು?

ಕೆಲವು ಎ.ಟಿ. ಟೈರುಗಳ ಅಳತೆಯ ಹಿಂದೆ ‘ಎಲ್.ಟಿ.’ ಎಂದಿರುತ್ತದೆ. ಲೈಟ್ ಟ್ರಕ್ ಎಂದರ್ಥ. ಒಳಗಿನ ಪದರು ಹೆಚ್ಚು, ಪಕ್ಕೆ ಗಟ್ಟಿ, ತೂಕವೂ ಹೆಚ್ಚು. ಒಂದೊಂದು ಟೈರಿಗೆ ನಾಲ್ಕೈದು ಕಿಲೋ ಏರುವುದುಂಟು. ದಿನಾ ಭಾರ ಹೊರುವ, ಜಂಬಿಟ್ಟಿಗೆಯ ಚೂಪು ಅಂಚಿಗೆ ಪಕ್ಕೆ ಉಜ್ಜುವ ಗಾಡಿಗೆ ಇದು ಸರಿ. ಆದರೆ ಮಾಮೂಲಿ ಟೈರು ಹೊರುವಷ್ಟೇ ಭಾರ ಹೊರಲು ಎಲ್.ಟಿ. ಟೈರಿಗೆ ಹೆಚ್ಚು ಗಾಳಿ ಬೇಕು. ಇದು ಗೊತ್ತಿಲ್ಲದೆ ಹಳೇ 32ನ್ನೇ ಹಾಕಿಸಿ, ಮೇಲೆ ತುಂಬಾ ಲೋಡು ಹೇರಿ ಹೆದ್ದಾರಿಯಲ್ಲಿ ಓಡಿಸಿದರೆ ಟೈರು ಒಳಗೊಳಗೇ ಕಾಯುತ್ತದೆ. ಸರಿಯಾದ ಗಾಳಿ ಹಾಕಿಸಿ ಖಾಲಿ ಓಡಿಸಿದರೆ ಗಾಡಿ ಎತ್ತಿನಗಾಡಿಯಂತೆ ಕುಲುಕುತ್ತದೆ. ಖಾಲಿ ಓಡಾಟವೇ ಹೆಚ್ಚಿದ್ದವರಿಗೆ ಎಲ್.ಟಿ. ಒಂದು ಶಿಕ್ಷೆ.

ದೊಡ್ಡ ಟೈರಿನ ಆಸೆ

ಅಂಗಡಿಯಲ್ಲಿ ನಿಂತಾಗ “ಒಂದು ಸೈಜ್ ದೊಡ್ಡದು ಹಾಕ್ಬಿಡಿ ಸಾರ್, ಲುಕ್ ಬರ್ತದೆ” ಎಂಬ ಮಾತು ಬಂದೇ ಬರುತ್ತದೆ. 265/65 ಆರ್ 17ರ ಜಾಗದಲ್ಲಿ 265/70 ಆರ್ 17 ಹಾಕಿದರೆ ವ್ಯಾಸ 776ರಿಂದ 803 ಮಿಲಿಮೀಟರಿಗೆ ಏರುತ್ತದೆ. ಗಾಡಿ ನೆಲದಿಂದ ಮೇಲೇಳುವುದು ಇದರರ್ಧ, ಹದಿಮೂರು ಮಿಲಿಮೀಟರು. ಒಂದು ಬೆರಳಿನ ದಪ್ಪವೂ ಇಲ್ಲ. ಅದಕ್ಕೆ ತೆರುವ ಬೆಲೆ ನೋಡಿ. ಮೀಟರು 100 ತೋರಿಸುವಾಗ ಗಾಡಿ ಮೊದಲಿಗಿಂತ ಶೇ 3.4ರಷ್ಟು ಹೆಚ್ಚು ವೇಗದಲ್ಲಿರುತ್ತದೆ. ಓಡಿದ ಕಿಲೋಮೀಟರು ಕಡಿಮೆ ತೋರಿಸುತ್ತದೆ. ದೊಡ್ಡ ಚಕ್ರ ತಿರುಗಿಸಲು ಎಂಜಿನ್ನಿಗೆ ಹೆಚ್ಚು ಬಲ ಬೇಕಾಗಿ ಏರಿನಲ್ಲಿ ಒಂದು ಗೇರು ಇಳಿಸುವ ಪ್ರಸಂಗ ಬರುತ್ತದೆ. ಸ್ಟೇರಿಂಗ್ ಪೂರ್ತಿ ತಿರುಗಿಸಿದಾಗ ಮಡ್‌ಗಾರ್ಡಿಗೆ ಉಜ್ಜಿದರೆ ಅದು ಬೇರೆ ಗೋಳು.

ಕಾನೂನಿನ ಮಾತೂ ಉಂಟು. ಆರ್.ಸಿ.ಯಲ್ಲಿರುವ, ಕಂಪನಿ ಮೂಲದಲ್ಲಿ ನಿಗದಿ ಮಾಡಿದ ವಿವರಗಳಿಗೆ ಭಿನ್ನವಾಗುವಂತೆ ಗಾಡಿಯನ್ನು ಮಾರ್ಪಡಿಸಬಾರದೆಂದು ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಹೇಳುತ್ತದೆ. ವಾರಂಟಿ, ವಿಮೆಯ ತಕರಾರು ಬಂದಾಗ ಮೊದಲು ಬೆರಳು ಹೋಗುವುದು ಇಂಥ ಬದಲಾವಣೆಯ ಮೇಲೆಯೇ. ಕಂಪನಿಯ ಅಳತೆಯಲ್ಲೇ ಒಳ್ಳೆಯ ಎ.ಟಿ. ಸಿಗುವಾಗ ಹದಿಮೂರು ಮಿಲಿಮೀಟರಿಗಾಗಿ ಈ ರಗಳೆ ಏಕೆ?

ಅಂಗಡಿಯಲ್ಲಿ

ಎ.ಟಿ. ಎಂಬ ಒಂದೇ ಹೆಸರಿನಡಿ ಎರಡು ಮನೋಧರ್ಮದ ಟೈರುಗಳಿವೆ. ಒಂದು ಸಾಧು, ರಸ್ತೆಯ ಕಡೆ ವಾಲಿದ್ದು. ಯೊಕೊಹಾಮಾ ಜಿಯೋಲ್ಯಾಂಡರ್ ಎ/ಟಿ ಜಿ015, ಕಾಂಟಿನೆಂಟಲ್ ಕ್ರಾಸ್‌ಕಾಂಟ್ಯಾಕ್ಟ್ ಎ.ಟಿ.ಆರ್. ಈ ಸಾಲಿನವು. ಸದ್ದು ಕಡಿಮೆ, ನೆನೆದ ಡಾಂಬರಿನ ಮೇಲೆ ನಂಬಿಕಸ್ಥ, ಸಾಧಾರಣ ಕೆಸರಿಗೆ ಸಾಕು. ಇನ್ನೊಂದು ಒರಟು, ಕಚ್ಚಾ ದಾರಿಯ ಕಡೆ ವಾಲಿದ್ದು. ಬಿ.ಎಫ್. ಗುಡ್‌ರಿಚ್ ಕೆ.ಒ.2 ಇದರ ಮುಖ್ಯಸ್ಥ. ಅದರ ಉತ್ತರಾಧಿಕಾರಿ ಕೆ.ಒ.3 ಹೊರಬಂದದ್ದು 2024ರಲ್ಲಿ. ಪಕ್ಕೆಯ ಮೇಲೂ ಬಟನ್ನು, ಕಲ್ಲಿಗೆ ಬಗ್ಗದ ಮೈ, ದೀರ್ಘಾಯುಷ್ಯ. ಬದಲಿಗೆ ತೂಕ, ತುಸು ಸದ್ದು, ಮಳೆಯ ಡಾಂಬರಿನಲ್ಲಿ ಇನ್ನಷ್ಟು ಎಚ್ಚರ. ನಮ್ಮ ಕಂಪನಿಗಳದ್ದೂ ಉಂಟು: ಅಪೊಲೊ ಆಪ್ಟೆರಾ ಎ.ಟಿ.2, ಸಿಯೆಟ್ ಕ್ರಾಸ್‌ಡ್ರೈವ್ ಎ.ಟಿ., ಜೆ.ಕೆ. ರೇಂಜರ್ ಎ.ಟಿ. ಮೈಸೂರಿನ ವಿಕ್ರಾಂತ್ ಟೈರ್ಸ್ ಕಾರ್ಖಾನೆಯನ್ನು 1997ರಲ್ಲಿ ಕೊಂಡದ್ದು ಇದೇ ಜೆ.ಕೆ.

ಹೆಸರಿಗಿಂತ ಮುಖ್ಯವಾದದ್ದು ಸಿಗುವಿಕೆ. 2020ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ಟೈರುಗಳ ಆಮದನ್ನು ‘ನಿರ್ಬಂಧಿತ’ ಪಟ್ಟಿಗೆ ಸೇರಿಸಿತು. ತರಿಸಬೇಕಾದರೆ ಪರವಾನಗಿ ಬೇಕು. ಹೊರದೇಶದ ಎ.ಟಿ. ಟೈರುಗಳು ಒಂದು ತಿಂಗಳು ಸಿಕ್ಕಿ ಮೂರು ತಿಂಗಳು ಸಿಗದಿರುವುದಕ್ಕೆ ಇದೂ ಒಂದು ಕಾರಣ. ಎರಡು ವರ್ಷದ ಮೇಲೆ ಒಂದು ಟೈರಿನ ಪಕ್ಕೆ ಹರಿದರೆ ಅದರ ಜೋಡಿ ಹಾಸನದಲ್ಲೋ ಮಂಗಳೂರಿನಲ್ಲೋ ಸಿಕ್ಕೀತೇ? ಅಂಗಡಿಯವರನ್ನು ಕೇಳಬೇಕಾದ ಮೊದಲ ಪ್ರಶ್ನೆ ಇದು. ಪಕ್ಕೆ ಹರಿದ ಟೈರಿಗೆ ಪಂಕ್ಚರ್ ಹಾಕಿ ಓಡಿಸುವಂತಿಲ್ಲ.

ಎರಡನೆಯದು ಟೈರಿನ ವಯಸ್ಸು. ಪಕ್ಕೆಯ ಮೇಲೆ ಅಂಡಾಕಾರದ ಚೌಕಟ್ಟಿನೊಳಗೆ ನಾಲ್ಕು ಅಂಕಿ ಇರುತ್ತದೆ. 2324 ಎಂದರೆ 2024ನೇ ಇಸವಿಯ 23ನೇ ವಾರ ತಯಾರಾದದ್ದು. ಗೋದಾಮಿನಲ್ಲಿ ಎರಡು ವರ್ಷ ಕೊಳೆತದ್ದನ್ನು ರಿಯಾಯಿತಿಯ ಹೆಸರಿನಲ್ಲಿ ದಾಟಿಸುವುದುಂಟು. ಟಾರ್ಚು ಹಿಡಿದು ನಾಲ್ಕನ್ನೂ ಓದಿಕೊಳ್ಳಿ. ಅಲ್ಲ, ಐದನ್ನೂ. ಸ್ಟೆಪ್ನಿಯನ್ನು ಹಳೇ ಎಚ್.ಟಿ.ಯಲ್ಲೇ ಬಿಟ್ಟು ನಾಲ್ಕು ಮಾತ್ರ ಬದಲಿಸಿದರೆ ಕಾಡಿನ ದಾರಿಯಲ್ಲಿ ಒಂದು ದಿನ ಮೂರು ಹೊಸದು, ಒಂದು ಹಳೆಯದು ಹಾಕಿಕೊಂಡು ಫೋರ್‌ವೀಲ್ ಎಳೆಯಬೇಕಾಗುತ್ತದೆ. ಚಕ್ರಗಳ ಸುತ್ತಳತೆ ಬೇರೆ ಬೇರೆಯಾದರೆ ಫೋರ್‌ವೀಲಿನ ಗೇರುಗಳು ಒಂದಕ್ಕೊಂದು ಎಳೆದಾಡಿ ಸವೆಯುತ್ತವೆ.

ಹಾಕಿಸಿದ ಮೇಲೆ

ಎ.ಟಿ. ಟೈರು ಹಾಕಿಸಿದ ಮೊದಲ ವಾರ ಗಾಡಿ ತುಸು ಭಾರ ಅನ್ನಿಸುತ್ತದೆ, ಮೈಲೇಜು ಸ್ವಲ್ಪ ಇಳಿಯುತ್ತದೆ, ಸಣ್ಣ ಗುಂಯ್‌ಗುಡುವಿಕೆ ಕೇಳುತ್ತದೆ. ಅದು ಸಹಜ. ಆ ಸದ್ದು ತಿಂಗಳಿಂದ ತಿಂಗಳಿಗೆ ಜೋರಾಗುತ್ತಿದ್ದರೆ ಬಟನ್ನುಗಳು ಒಂದು ಅಂಚಿನಲ್ಲಿ ಮಾತ್ರ ಸವೆಯುತ್ತಿವೆ ಎಂದು ತಿಳಿಯಬೇಕು. ಎಂಟರಿಂದ ಹತ್ತು ಸಾವಿರ ಕಿಲೋಮೀಟರಿಗೊಮ್ಮೆ ಹಿಂದಿನದನ್ನು ಮುಂದಕ್ಕೆ, ಮುಂದಿನದನ್ನು ಹಿಂದಕ್ಕೆ ಹಾಕಿಸಿದರೆ ಇದು ಹತೋಟಿಯಲ್ಲಿರುತ್ತದೆ. ಗೀರಿನ ತಳದಲ್ಲಿ ಅಲ್ಲಲ್ಲಿ ಅಡ್ಡಪಟ್ಟಿ ಇರುತ್ತದೆ, 1.6 ಮಿಲಿಮೀಟರಿನ ಗುರುತು. ಬಟನ್ನು ಸವೆದು ಆ ಪಟ್ಟಿಯ ಮಟ್ಟಕ್ಕೆ ಬಂದರೆ ಟೈರಿನ ಕಥೆ ಮುಗಿಯಿತು. ಮಲೆನಾಡಿನವರು ಅಲ್ಲಿವರೆಗೂ ಕಾಯಬಾರದು. ಮೂರು ಮಿಲಿಮೀಟರಿಗೆ ಬಂದಾಗಲೇ ಮುಂದಿನ ಮಳೆಗಾಲಕ್ಕೆ ಅದು ಆಗದೆಂದು ತೀರ್ಮಾನಿಸುವುದು ಕ್ಷೇಮ.

ಎಲ್ಲಕ್ಕಿಂತ ದೊಡ್ಡ ಮಾತು ಗಾಳಿಯದ್ದು. ಕೆಸರಿಗೆ ಇಳಿಸಿದ ಗಾಳಿಯನ್ನು ಡಾಂಬರಿಗೆ ಬಂದ ಕೂಡಲೇ ತುಂಬಿಸಬೇಕು. ಕಡಿಮೆ ಗಾಳಿಯ ಟೈರು ಹೆದ್ದಾರಿಯ ವೇಗದಲ್ಲಿ ಕಾಯುತ್ತದೆ, ತಿರುವಿನಲ್ಲಿ ಡಿಸ್ಕಿನಿಂದ ಕಳಚಿಕೊಳ್ಳಲೂಬಹುದು, ನೀರು ನಿಂತ ಕಡೆ ಬೇಗ ತೇಲುತ್ತದೆ. ಆದ್ದರಿಂದ ಸಿಗರೇಟ್ ಲೈಟರಿಗೆ ಸಿಕ್ಕಿಸುವ ಒಂದು ಪುಟ್ಟ ಕಂಪ್ರೆಸರು, ಒಂದು ಗೇಜು ಗಾಡಿಯಲ್ಲಿರಲೇಬೇಕು. ಅವೆರಡರ ಬೆಲೆ ಒಂದು ಟೈರಿನ ಬೆಲೆಯ ಸಣ್ಣ ಪಾಲು; ಮಾಡುವ ಕೆಲಸ ಅರ್ಧ ಟೈರಿನದ್ದು.

ಹಾಗಾದರೆ ಯಾರಿಗೆ ಯಾವುದು?

ಬೆಂಗಳೂರಿನಲ್ಲಿದ್ದುಕೊಂಡು ವರ್ಷಕ್ಕೆ ನಾಲ್ಕು ಸಲ ಹೋಂಸ್ಟೇಗೆ ಬರುವವರಿಗೆ ಎಚ್.ಟಿ. ಸಾಕು. ನಿತ್ಯ ಪೇಟೆಗೂ ತೋಟಕ್ಕೂ ಓಡಾಡುವವರಿಗೆ ಕಂಪನಿಯ ಅಳತೆಯಲ್ಲೇ ಸಾಧು ಎ.ಟಿ. ಗರಸು ರಸ್ತೆ, ಕಲ್ಲಿನ ದಾರಿ, ದಿನಾ ಲೋಡು ಇದ್ದವರಿಗೆ ಒರಟು ಎ.ಟಿ., ಬೇಕಿದ್ದರೆ ಎಲ್.ಟಿ. ಡಾಂಬರು ಮುಟ್ಟುವುದೇ ಅಪರೂಪ ಎನ್ನುವ, ತೋಟದೊಳಗೇ ಬದುಕುವ ಗಾಡಿಗೆ ಎಂ.ಟಿ. ವರ್ಷದಲ್ಲಿ ಹತ್ತು ದಿನ ಮಾತ್ರ ಹತ್ತಲಾಗದ ಏರಿದ್ದರೆ ಟೈರು ಬದಲಿಸುವುದಕ್ಕಿಂತ ಆ ಜೀಪಿನವರಂತೆ ಒಂದು ಜೊತೆ ಚೈನು ಇಟ್ಟುಕೊಳ್ಳುವುದು ಅಗ್ಗ. ಡಾಂಬರಿಗೆ ಬರುವಾಗ ಅದನ್ನು ಬಿಚ್ಚಲು ಮರೆಯಬಾರದು, ಅಷ್ಟೆ.

ಭಾವ ಒಂದು ವಾರ ಮುನಿಸಿಕೊಂಡಿದ್ದರು. ಕೊನೆಗೆ ಹಾಕಿಸಿದ್ದು ಕಂಪನಿಯ ಅಳತೆಯ ಸಾಧು ಎ.ಟಿ., ಸ್ಟೆಪ್ನಿ ಸೇರಿ ಐದು. ಜೊತೆಗೆ ಕಂಪ್ರೆಸರು. ಪುಷ್ಯ ಮಳೆಯಲ್ಲಿ ಮತ್ತೆ ಅದೇ ಏರಿಗೆ ಹೋದೆವು. ಗೇಟಿನ ಹತ್ತಿರ ತಾವೇ ಇಳಿದು ಗಾಳಿಯನ್ನು ಇಪ್ಪತ್ತೆರಡಕ್ಕೆ ತಂದರು. ಗಾಡಿ ಒಮ್ಮೆ ಅತ್ತ ಇತ್ತ ಮೈ ಆಡಿಸಿ ಹತ್ತಿತು. “ಟೈರು ಚೆನ್ನಾಗಿದೆ ಕಣಯ್ಯಾ,” ಅಂದರು. ನಾನು ಗಾಳಿಯ ಸುದ್ದಿ ಎತ್ತಲಿಲ್ಲ.

ನೀವು ಟೈರಿನ ಅಂಗಡಿಗೆ ಹೋಗುವ ಮುನ್ನ ಒಂದು ವಾರ ನಿಮ್ಮ ಗಾಡಿ ಓಡಿದ ದಾರಿಯನ್ನು ಒಂದು ಹಾಳೆಯಲ್ಲಿ ಬರೆದಿಡಿ: ಡಾಂಬರು ಇಷ್ಟು, ಗರಸು ಇಷ್ಟು, ಕೆಸರು ಇಷ್ಟು. ಅಂಗಡಿಯವರ ಮುಂದೆ ಇಡಬೇಕಾದ್ದು ಮೊಬೈಲಿನ ಚಿತ್ರವನ್ನಲ್ಲ, ಆ ಹಾಳೆಯನ್ನು.